ಮಾವನ ಕೈಯ ವೇಗ

ನನ್ನ ಷಡ್ಡಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಬಳಕೆಯಲ್ಲಿರುವುದು ಅವನ ಸಂಬಳದ ಚೀಟಿಯಲ್ಲಿ ಮಾತ್ರ. ಉಳಿದೆಲ್ಲ ಕಡೆ ಅವನು ಗೊತ್ತಪ್ಪ. ಎದುರಿನವರು ಬಾಯಿ ತೆರೆಯುವ ಮೊದಲೇ 'ಗೊತ್ತು' ಎಂದುಬಿಡುವುದು ಅವನ ಹುಟ್ಟುಗುಣ. ಹೆಂಡತಿ ತಾನು ಬಸುರಿ ಎಂದು ಹೇಳಲು ಬಂದಾಗಲೂ 'ಗೊತ್ತು' ಎಂದನಂತೆ. ಗೊತ್ತಿರಲಿಲ್ಲ ಎನ್ನುವುದು, ಆಮೇಲೆ ಅವನು ಕುರ್ಚಿಯೇ ಇಲ್ಲದ ಕಡೆ ಕೂತದ್ದರಿಂದ ತಿಳಿಯಿತು.

ಅವನು ನನಗಿಂತ ತುಸು ದೊಡ್ಡವನು. ನಮ್ಮ ಮಾವನವರ ಹಿರಿಯ ಮಗಳನ್ನು ಅವನು ಮದುವೆಯಾಗಿದ್ದಾನೆ, ಕಿರಿಯ ಮಗಳನ್ನು ನಾನು. ಹಾಗಾಗಿ ಎದುರಿಗೆ ನಾನು ಅವನನ್ನು 'ಅಣ್ಣ, ನೀವು' ಎನ್ನುತ್ತೇನೆ. ಬೆನ್ನ ಹಿಂದೆ 'ಗೊತ್ತಪ್ಪ, ಅವನು'. ಈ ಕಥೆಯನ್ನು ಅವನ ಬೆನ್ನ ಹಿಂದೆ ಹೇಳುತ್ತಿದ್ದೇನೆ.

ಕೆಲಸ ಬಸ್ ಡಿಪೋದಲ್ಲಿ. ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಕೋಣೆಗೆ ಅವನೇ ಅಧಿಪತಿ. ಗೋಡೆ ತುಂಬ ಛತ್ರಿ, ಒಂಟಿ ಚಪ್ಪಲಿ, ಟಿಫಿನ್ ಡಬ್ಬಿ, ಕನ್ನಡಕ. ಒಮ್ಮೆ ಒಂದು ಹಲ್ಲಿನ ಸೆಟ್ಟು ಬಂದಿತ್ತು, ಅದನ್ನು ಕೇಳಿಕೊಂಡು ಬಂದ ಮುದುಕರು ಏನು ಕೇಳುತ್ತಿದ್ದಾರೆಂದು ಯಾರಿಗೂ ಅರ್ಥವಾಗಲಿಲ್ಲ. ಇಷ್ಟು ವರ್ಷ ಜನರ ಸಾಮಾನು ನೋಡಿ ನೋಡಿ ತನಗೆ ಜನರೂ ಅರ್ಥವಾಗುತ್ತಾರೆ ಎಂಬ ಭ್ರಮೆ ಗೊತ್ತಪ್ಪನಿಗೆ ಬಂದಿತ್ತು.

ನಮ್ಮ ಮಾವನವರು ಅದೇ ಡಿಪೋದಲ್ಲಿ ಬಸ್ ಓಡಿಸಿ ನಿವೃತ್ತರಾದವರು. 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ಜೀವಮಾನ ಕಳೆದದ್ದಕ್ಕೋ ಏನೋ, ಮನೆಯಲ್ಲೂ ಅದು ತಲೆಯ ಮೇಲೆ ತೂಗುತ್ತಿರುವ ಹಾಗೆಯೇ ಇರುತ್ತಿದ್ದರು. ಅಳಿಯಂದಿರಾದ ನಮಗೆ ಸಿಗುತ್ತಿದ್ದ ಮಾತು ಎರಡೇ. 'ಬನ್ನಿ' ಮತ್ತು 'ಹೊರಟ್ರಾ'. ಭಾನುವಾರ ಬೆಳಗಾದರೆ ಸ್ಕೂಟರಿಗೆ ಗಾಳದ ಕೋಲು ಕಟ್ಟಿಕೊಂಡು ಊರಾಚೆಯ ಕೆರೆಗೆ ಹೋಗುವರು. ಅಲ್ಲಿ ಏನು ಮಾಡುತ್ತಾರೆ, ಏನು ಸಿಗುತ್ತದೆ, ಯಾರಿಗೂ ಹೇಳಿದವರಲ್ಲ. ಯಾರನ್ನೂ ಕರೆದವರಲ್ಲ. ಅತ್ತೆ ಕೂಡ ಆ ಕೆರೆಯನ್ನು ನೋಡಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ನಾವೆಲ್ಲ ಊಟಕ್ಕೆ ಕೂತಿದ್ದಾಗ ಮಾವನವರು ತಾವಾಗಿ ಬಾಯಿ ಬಿಟ್ಟರು. ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಗಾಳದ ದಾರ ಸುತ್ತೋ ಹಳೇ ರೀಲು ಕೈಕೊಡ್ತು," ಎಂದರು ಮಾವ. "ಕೆರೇಲಿ ಒಂದು ಮೀನಿದೆ. ದೊಡ್ಡದು. ಅದಕ್ಕೆ ಅಂತ ಬೊಂಬೆ ಮೀನು ತಂದಿದ್ದೆ."

ಎದ್ದು ಹೋಗಿ ತಂದು ತೋರಿಸಿದರು. ಸ್ವಿಮ್‌ಬೇಟ್ ಎನ್ನುತ್ತಾರಂತೆ. ಅಂಗೈಯನ್ನು ಮೀರುವಷ್ಟು ಉದ್ದ, ಮೈಯೆಲ್ಲ ಕೀಲು ಕೀಲು, ಕಣ್ಣು ರೆಪ್ಪೆ ಇಲ್ಲದೆ ನಮ್ಮನ್ನೇ ನೋಡುತ್ತಿತ್ತು. ನೀರಿನಲ್ಲಿ ಎಳೆದರೆ ನಿಜದ ಮೀನಿನಂತೆ ಸೊಂಟ ಕುಲುಕಿಸಿ ಈಜುತ್ತದಂತೆ. ದೊಡ್ಡ ಮೀನು ಇದನ್ನು ಚಿಕ್ಕ ಮೀನು ಎಂದು ನಂಬಿ ನುಂಗಬೇಕು. ಅದೇ ಲೆಕ್ಕಾಚಾರ.

"ಹಳೇ ರೀಲು ಸಣ್ಣದು. ಇದರ ಭಾರಕ್ಕೇ ಒಳಗಿನ ಹಲ್ಲು ಸವೆದುಹೋಯ್ತು. ಹೊಸದು ತಗೋಬೇಕು. ಸ್ಪೀಡ್ ಇರೋದು ತಗೊಳ್ಳೋದೋ, ನಿಧಾನದ್ದು ತಗೊಳ್ಳೋದೋ, ಎಷ್ಟು ದೊಡ್ಡದು ತಗೊಳ್ಳೋದೋ..."

"ಗೊತ್ತು ಮಾವ," ಎಂದ ಗೊತ್ತಪ್ಪ. "ನೀವು ಯೋಚನೆ ಬಿಡಿ. ನಾನು ತಂದುಕೊಡ್ತೀನಿ."

ಮಾವ ಅವನನ್ನು ಬಹಳ ಹೊತ್ತು ನೋಡಿದರು. ಅವನಿಗೆ ಮಗಳನ್ನು ಕೊಟ್ಟ ದಿನ ಕೂಡ ಅಷ್ಟು ಹೊತ್ತು ನೋಡಿರಲಿಲ್ಲ. "ಹೌದಾ? ಹಾಗಾದ್ರೆ ನೀವೇ ಆರಿಸಿ. ಬರೋ ಭಾನುವಾರ ಅದನ್ನ ಹಿಡ್ಕೊಂಡು ನನ್ನ ಜೊತೆ ಕೆರೆಗೆ ಬನ್ನಿ."

ಸ್ವಂತ ಮಗಳಂದಿರನ್ನು ಕರೆಯದ ಕೆರೆಗೆ ಅಳಿಯನನ್ನು ಕರೆದಿದ್ದರು. ಗೊತ್ತಪ್ಪನ ಕಿವಿಯ ತುದಿ ಕೆಂಪಗಾಯಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಸಂಜೆ ಗಾಳದ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದ. ದಾರಿಯಲ್ಲಿ, "ಅಣ್ಣ, ರೀಲಿನ ವಿಷಯ ನಿಮಗೆ ಎಲ್ಲಿಂದ ಗೊತ್ತು?" ಎಂದು ಕೇಳಿದೆ.

"ಅದರಲ್ಲೇನಿದೆ? ಒಳ್ಳೇದು ಕೊಡಿ ಅಂದ್ರೆ ಒಳ್ಳೇದು ಕೊಡ್ತಾರೆ."

ಅಂಗಡಿಯನ್ನು ನಡೆಸುತ್ತಿದ್ದವರು ದಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡ ಭಾರಿ ಹೆಂಗಸು. ಗೊತ್ತಪ್ಪ ಎದೆಯುಬ್ಬಿಸಿ, "ಬೊಂಬೆ ಮೀನಿಗೆ ಒಂದು ಒಳ್ಳೇ ರೀಲು ಕೊಡಿ" ಎಂದ.

"ಬೊಂಬೆ ಎಷ್ಟು ಉದ್ದ?"

ಗೊತ್ತಪ್ಪ ಕೈಯಲ್ಲಿ ತೋರಿಸಿದ. ಆಕೆ ನನ್ನ ಕಡೆ ನೋಡಿದರು. ನಾನು ಅದರ ಅರ್ಧ ತೋರಿಸಿದೆ.

"ತೂಕ?"

"ತಕ್ಕಮಟ್ಟಿಗೆ ಇದೆ."

ಆಕೆ ಸ್ಟೂಲು ಎಳೆದುಕೊಂಡು ಕೂತರು. ಇಂಥ ಗಿರಾಕಿ ಸಿಕ್ಕಿದ್ದು ಅವರಿಗೆ ಖುಷಿಯೇ ಆದಂತಿತ್ತು. "ನೋಡಿ, ದೊಡ್ಡ ಬೊಂಬೆ ಅಂದ್ರೆ ದಪ್ಪ ದಾರ. ದಪ್ಪ ದಾರ ಸಣ್ಣ ರೀಲಿಗೆ ಹಿಡಿಸಲ್ಲ. ಆದ್ದರಿಂದ ರೀಲು ದೊಡ್ಡದೇ ಬೇಕು, ಅಲ್ಲಿಗೆ ಒಂದು ಮುಗೀತು. ಇನ್ನು ಸ್ಪೀಡು. ಈ ಡಬ್ಬಿ ಮೇಲೆ ಐದು ಅಂತ ಇದೆಯಲ್ಲ, ಹಿಡಿ ಒಂದು ಸುತ್ತು ತಿರುಗಿಸಿದ್ರೆ ಒಳಗಿನ ಉರುಳೆ ಐದು ಸುತ್ತು ತಿರುಗುತ್ತೆ. ಈ ಇನ್ನೊಂದರಲ್ಲಿ ಎಂಟು."

"ಗೊತ್ತು. ಹಾಗಾದ್ರೆ ಎಂಟೇ ಕೊಡಿ. ಜಾಸ್ತಿ ಇದೆಯಲ್ಲ."

"ಜಾಸ್ತಿ ಅಂದ್ರೆ ಒಳ್ಳೇದಾ? ಎಂಟರಲ್ಲಿ ಬೊಂಬೆ ಓಡುತ್ತೆ, ಐದರಲ್ಲಿ ನಡೆಯುತ್ತೆ. ಐದರಲ್ಲಿ ಬಲ ಜಾಸ್ತಿ, ಭಾರ ಎಳೆದ್ರೂ ಕೈ ಸೋಲಲ್ಲ. ಆದ್ರೆ ಮೀನು ಬೊಂಬೆ ಕಚ್ಚಿ ನಿಮ್ಮ ಕಡೆಗೇ ಓಡಿ ಬಂತು ಅನ್ನಿ, ದಾರ ಸಡಿಲ ಆಗುತ್ತೆ. ಆಗ ಎಂಟು ಇದ್ದವನು ಬದುಕ್ದ."

ಗೊತ್ತಪ್ಪ ಎರಡೂ ಡಬ್ಬಿಗಳನ್ನು ಕೈಯಲ್ಲಿ ಹಿಡಿದು ತಕ್ಕಡಿಯಂತೆ ನಿಂತ. ಆಕೆ ಅಷ್ಟಕ್ಕೆ ಬಿಡಲಿಲ್ಲ. ಐದು ಎಂದು ಬರೆದಿದ್ದ ಒಂದು ಸಣ್ಣ ರೀಲನ್ನೂ ಅದೇ ಐದರ ದೊಡ್ಡ ರೀಲನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಸುತ್ತು ಸುತ್ತಿ ತೋರಿಸಿದರು. ದೊಡ್ಡದು ಗೇಣುದ್ದ ಹೆಚ್ಚು ದಾರ ನುಂಗಿತು.

"ನಂಬರ್ ಒಂದೇ ಇದೆ," ಎಂದ ಗೊತ್ತಪ್ಪ, ಯಾರೋ ಮೋಸ ಮಾಡಿದಂತೆ.

"ಉರುಳೆ ದಪ್ಪ ಇದೆಯಲ್ಲ, ಒಂದು ಸುತ್ತಿಗೆ ಜಾಸ್ತಿ ದಾರ ಬರುತ್ತೆ."

"ಮತ್ತೆ ನಂಬರ್ ಯಾಕೆ ಬರೆದಿದಾರೆ?"

"ನಿಮ್ಮಂಥವರು ಬಂದು ಕೇಳ್ಲಿ ಅಂತ." ಆಕೆ ಕನ್ನಡಕ ಕೆಳಗಿಳಿಸಿದರು. "ಇದೆಲ್ಲಕ್ಕಿಂತ ಮುಖ್ಯ, ಸುತ್ತೋರ ಕೈ. ಅವಸರದ ಕೈಗೆ ನಿಧಾನದ ರೀಲು ಕೊಡ್ಬೇಕು, ಸೋಮಾರಿ ಕೈಗೆ ಸ್ಪೀಡಿಂದು. ನಿಮ್ಮ ಮಾವನವರ ಕೈ ಎಂಥದ್ದು?"

ಜೀವನದಲ್ಲಿ ಮೊದಲ ಸಲ ಗೊತ್ತಪ್ಪನ ಬಾಯಿಗೆ ಬೀಗ ಬಿತ್ತು.

"ಹೋಗಿ ನೋಡ್ಕೊಂಡು ಬನ್ನಿ," ಎಂದು ಆಕೆ ಎರಡಕ್ಕೂ ದಾರ ಸುತ್ತಿ ಡಬ್ಬಿಗಳನ್ನು ಕೊಟ್ಟರು. "ಎರಡೂ ತಗೊಂಡು ಹೋಗಿ. ಬೇಡದ್ದು ವಾಪಸ್ ಕೊಡಿ. ಏನಾಯ್ತು ಅಂತ ಮಾತ್ರ ಫೋನ್ ಮಾಡಿ, ನನಗೆ ನಿದ್ದೆ ಬರಲ್ಲ."

ಮಾವನನ್ನೇ ಕೇಳಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು, ಹೇಳಿಯೂ ಹೇಳಿದೆ. "ಗೊತ್ತು ಅಂದಮೇಲೆ ಹೋಗಿ ಕೇಳೋಕಾಗುತ್ತೇನೋ? ಕೆರೆಗೆ ಕರೆದಿದ್ದನ್ನ ವಾಪಸ್ ತಗೊಂಡ್ರೆ?" ಎಂದ. ಹಾಗೆನ್ನುವಾಗ ಅವನ ಮುಖ ನೋಡಿ ನನಗೆ ನಗಲಾಗಲಿಲ್ಲ. ಮದುವೆಯಾದಂದಿನಿಂದ ಮಾವನ ಜೊತೆ ಒಂದು ಮಾತಾಡಲು ಅವನು ಪಟ್ಟ ಪಾಡು ನನಗೆ ತಿಳಿದದ್ದೇ. ಬಸ್ಸಿನ ಟೈರಿನ ಬಗ್ಗೆ ಪುಸ್ತಕ ತಂದು ಓದಿದ್ದ ಪಾಪ.

ಆ ವಾರವೆಲ್ಲ ಗೊತ್ತಪ್ಪ ಡಿಪೋ ಮುಗಿಸಿ ನೇರವಾಗಿ ಮಾವನ ಮನೆಗೆ ಹೋಗತೊಡಗಿದ. ಮಾವ ಕಾಫಿಯಲ್ಲಿ ಸಕ್ಕರೆ ಕಲಸುವಾಗ ವಾಚು ನೋಡಿಕೊಂಡು ಅವರ ಕೈಯನ್ನೇ ದಿಟ್ಟಿಸುವನು. ಸಕ್ಕರೆ ಕರಗಿದರೆ, "ಇನ್ನೊಂದು ಸ್ವಲ್ಪ ಕಲಸಿ ಮಾವ" ಎನ್ನುವನು. ಪೆನ್ಸಿಲ್ ತಂದು ಚೂಪು ಮಾಡಿಕೊಡಲು ಕೇಳಿದ. ಮುಚ್ಚಳ ಬಿಗಿದ ಬಾಟಲಿಗಳನ್ನು ಚೀಲ ತುಂಬ ಹೊತ್ತು ತಂದು, "ನನಗೆ ತೆಗೆಯೋಕಾಗ್ತಿಲ್ಲ" ಎಂದ. ಡಿಪೋದ ಕಪಾಟಿನಿಂದ ಯಾರೋ ಬಿಟ್ಟುಹೋಗಿದ್ದ ಕೈಯಲ್ಲಿ ತಿರುಗಿಸುವ ಮೊಟ್ಟೆ ಕಡೆಯುವ ಯಂತ್ರವನ್ನು ಎರವಲು ತಂದು, ಖಾಲಿ ಪಾತ್ರೆಯಲ್ಲಿ ತಿರುಗಿಸಲು ಹೇಳಿದ. ಮಾವ ಮಾತಿಲ್ಲದ ಮನುಷ್ಯ, ತಿರುಗಿಸಿದರು. ಎಡಗೈಯಲ್ಲಿ ಮಾಡಿ ಎಂದಾಗಲೂ ಮಾಡಿದರು.

ಆದರೆ ಅತ್ತೆಗೆ ಕಣ್ಣಿದೆ. ಕಿವಿಯೂ ಇದೆ. ಗುರುವಾರ ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಗೊತ್ತಪ್ಪ ಅಂಗಡಿಯವರಿಗೆ ಫೋನ್ ಮಾಡುತ್ತಿದ್ದ. ಅತ್ತೆ ಬಟ್ಟೆ ತೆಗೆಯಲು ಹೋದವರು ಹಗ್ಗದ ಮೇಲಿನ ಸೀರೆಯ ಹಿಂದೆ ನಿಂತುಬಿಟ್ಟರು.

"ಬಲಗೈ ನೋಡ್ದೆ ಮೇಡಂ. ತುಂಬಾ ಸ್ಪೀಡಾಗಿ ಆಡುತ್ತೆ, ಒಂದೇ ಸಮ ಇರಲ್ಲ. ಎಡಗೈಯಂತೂ ಕೇಳ್ಬೇಡಿ... ಇಲ್ಲ ಇಲ್ಲ, ಅವರಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳೋದು?... ಹೌದು, ಭಾನುವಾರ ಬೆಳಿಗ್ಗೆ ಅವರು ಹೊರಡೋದು. ಅಷ್ಟರೊಳಗೆ ನಾವು ಏನಾದ್ರೂ ಒಂದು ತೀರ್ಮಾನ ಮಾಡ್ಲೇಬೇಕು."

ಅತ್ತೆ ಆ ಸೀರೆಯಲ್ಲೇ ಕಣ್ಣೊರೆಸಿಕೊಂಡು ಒಳಗೆ ಬಂದರಂತೆ. ರಾತ್ರಿಯಾಗುವುದರೊಳಗೆ ಮಗಳಂದಿರಿಬ್ಬರಿಗೂ ಸುದ್ದಿ ತಲುಪಿತು. ಗೊತ್ತಪ್ಪನ ಹೆಂಡತಿ ಅವನನ್ನು ಹಿಡಿದು, "ಅಪ್ಪನ ಕೈಗೆ ಏನಾಗಿದೆ? ನಿಮಗೆ ಗೊತ್ತಾ?" ಎಂದು ಕೇಳಿದಳು.

"ಗೊತ್ತು. ಆದ್ರೆ ಈಗಲೇ ಹೇಳೋ ಹಾಗಿಲ್ಲ. ಭಾನುವಾರ ಎಲ್ಲರಿಗೂ ತಿಳಿಯುತ್ತೆ," ಎಂದು ನಕ್ಕನಂತೆ. ಆ ನಗುವನ್ನು ಅವಳು ಧೈರ್ಯ ತುಂಬುವ ನಗು ಎಂದುಕೊಂಡು ರಾತ್ರಿಯಿಡೀ ಅತ್ತಳು.

ಶುಕ್ರವಾರ ಎದುರು ಮನೆಯ ನಿವೃತ್ತ ಕಂಪೌಂಡರು 'ಸುಮ್ನೆ ಬಂದೆ' ಎಂದು ಬಂದರು. ಸುಮ್ಮನೆ ಬಂದವರ ಕಂಕುಳಲ್ಲಿ ರಕ್ತದೊತ್ತಡ ನೋಡುವ ಪೆಟ್ಟಿಗೆ ಇತ್ತು. ಮಾವನ ಎದುರಿಗೇ ಕೂತು, ಅವರ ಕೈಯನ್ನು ನೋಡಿ ತಲೆಯಾಡಿಸಿದರು. ಅತ್ತೆಯೂ ಬಾಗಿಲಲ್ಲಿ ನಿಂತು ನೋಡಿದರು. ಮಾವನ ಅಕ್ಕ ಟ್ರಂಕು ಸಮೇತ ಆಟೋ ಇಳಿದು, ಚಪ್ಪಲಿ ಬಿಡುವ ಮೊದಲೇ ನೋಡಿದರು. ಇಷ್ಟು ಜನ ಒಂದು ಕೈಯನ್ನು ದಿಟ್ಟಿಸುತ್ತಿದ್ದರೆ ಯಾವ ಕೈ ತಾನೇ ಸುಮ್ಮನಿದ್ದೀತು? ಮಾವ ಲೋಟ ಎತ್ತಿದರು, ಕಾಫಿ ತಟ್ಟೆಗೆ ತುಳುಕಿತು.

"ನೋಡಿದ್ರಾ," ಎಂದು ಕಂಪೌಂಡರು ಪಿಸುಗುಟ್ಟಿದರು.

"ನಮ್ಮ ತವರಲ್ಲಿ ಯಾರಿಗೂ ಕೈ ನಡುಗಿದ್ದಿಲ್ಲ," ಎಂದರು ಮಾವನ ಅಕ್ಕ, ಅತ್ತೆಯ ಕಡೆ ತಿರುಗಿ. "ಇದು ಮದುವೆಯಾದ ಮೇಲೆ ಬಂದಿದ್ದು."

"ಏನಾಗಿದೆ ನಿಮಗೆಲ್ಲ?" ಎಂದರು ಮಾವ.

"ನಮಗೇನಾಗುತ್ತೆ, ನೀವು ಮಲ್ಕೊಳ್ಳಿ," ಎಂದರು ಅತ್ತೆ. ಸ್ಕೂಟರಿನ ಕೀಲಿ ಸಕ್ಕರೆ ಡಬ್ಬಿಯ ತಳ ಸೇರಿತು. ಗಾಳದ ಕೋಲು ಮಂಚದ ಕೆಳಗೆ ಹೋಯಿತು. ಇನ್ನು ಕೆರೆ ಎಂಬ ಮಾತು ಎತ್ತಕೂಡದು ಎಂದು ಅಕ್ಕ ಅಪ್ಪಣೆ ಕೊಡಿಸಿದರು.

ಸುದ್ದಿ ಡಿಪೋ ಮುಟ್ಟಿತು. ಶನಿವಾರ ಬೆಳಿಗ್ಗೆ ಸೂಪರಿಂಟೆಂಡೆಂಟರು ಗೊತ್ತಪ್ಪನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಮಾವನವರ ವಿಷಯ ಕೇಳಿ ಬೇಜಾರಾಯ್ತು" ಎಂದರು. ಇಲ್ಲಿ ನೀವು ನನ್ನ ಷಡ್ಡಕನ ಸ್ವಭಾವವನ್ನು ನೆನಪಿಡಬೇಕು. ಅವನಿಗೆ ಏನೂ ತಿಳಿದಿರಲಿಲ್ಲ. ಆದರೂ "ಗೊತ್ತು ಸಾರ್" ಎಂದ. ಕಿತ್ತಳೆ ಹಣ್ಣು ಕಟ್ಟಿಸಿಕೊಂಡು, ರೀಲಿನ ಡಬ್ಬಿಗಳಿದ್ದ ಚೀಲವನ್ನೂ ಹೊತ್ತು ಓಡಿ ಬಂದ. ಮನೆಯ ಮುಂದೆ ನೆರೆಹೊರೆಯವರು, ಒಳಗೆ ಅಳು. ಅವನಿಗೂ ಅಳು ಬಂತು. ನನ್ನನ್ನು ಮೂಲೆಗೆ ಎಳೆದು, "ಏನಾಯ್ತೋ ಮಾವನಿಗೆ?" ಎಂದು ಕೇಳಿದ.

"ಅಯ್ಯೋ, ನಿಮಗೇ ಗೊತ್ತಂತೆ," ಎಂದೆ ನಾನು. "ಎಲ್ಲರೂ ಹಾಗೇ ಹೇಳ್ತಿದಾರೆ."

ಅಷ್ಟರಲ್ಲಿ ಮಾವನ ಅಕ್ಕ ಎದುರಿಗೆ ಬಂದು ನಿಂತರು. "ನಿಮಗೆ ಯಾವಾಗಿಂದ ಗೊತ್ತು?"

"ಗೊತ್ತು," ಎಂದ ಅವನು, ರೂಢಿಯ ಮೇಲೆ. ಬಳಿಕ ಏನಾದರೂ ಸೇರಿಸಬೇಕೆನಿಸಿ, "ಹೋದ ಭಾನುವಾರದಿಂದ" ಎಂದ.

"ಗೊತ್ತಿದ್ದೂ ಬಾಟ್ಲಿ ಮುಚ್ಚಳ ತೆಗೆಸಿದ್ರಾ?"

ಎರಡು ಆಟೋ ಬಂದವು. ಮಾವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಕರೆದುಕೊಂಡು ಹೋದೆವು ಎಂದರೆ ಅತ್ತೆ, ಅಕ್ಕ, ಮಗಳಂದಿರು, ಕಂಪೌಂಡರು, ನಾವಿಬ್ಬರು, ಕಿತ್ತಳೆ ಹಣ್ಣು. ಅಷ್ಟು ಜನ ಒಟ್ಟಿಗೆ ನುಗ್ಗಿದ್ದನ್ನು ನೋಡಿ ಡಾಕ್ಟರು ಯಾರು ರೋಗಿ ಎಂದು ಕೇಳಬೇಕಾಯಿತು.

ಮಾವನ ಕೈ ಮಡಚಿಸಿದರು, ಚಾಚಿಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು. ತಮ್ಮ ಎರಡು ಬೆರಳು ಕೊಟ್ಟು ಹಿಡಿಯಲು ಹೇಳಿದರು. ಮಾವ ಹಿಡಿದರು. ಡಾಕ್ಟರು, "ಸಾಕು ಸಾಕು, ಬಿಡಿ" ಎಂದರು.

"ಏನಿದೆ ತೊಂದರೆ?" ಎಂದು ಡಾಕ್ಟರು ನಮ್ಮನ್ನು ಕೇಳಿದರು. "ಯಾರು ನೋಡಿದ್ದು?"

ಕಂಪೌಂಡರು ಅತ್ತೆಯನ್ನು ತೋರಿಸಿದರು. ಅತ್ತೆ ಹಿರಿಯ ಮಗಳನ್ನು ತೋರಿಸಿದರು. ಅವಳು ಗಂಡನನ್ನು ತೋರಿಸಿದಳು. ಗೊತ್ತಪ್ಪ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಗೋಡೆ ಇತ್ತು.

ಆಗ ಮಾವ ಮಾತಾಡಿದರು. ಸ್ಟೂಲಿನ ಮೇಲೆ ಕೂತು, ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಆ ಕೈಗಳು ಜೀವಮಾನವಿಡೀ ಅಷ್ಟು ಜನರನ್ನು ಹೊತ್ತು ತಿರುಗಿದವು. "ಅಳಿಯಂದಿರೇ, ವಾರದಿಂದ ನನ್ನ ಕೈಯನ್ನೇ ನೋಡ್ತಿದೀರಿ. ಏನಾಗಿದೆ ಅಂತ ಹೇಳ್ಬಿಡಿ. ನಾನು ಹೆದರಲ್ಲ."

ಹೆದರಿದ್ದರು. ಅದು ಎಲ್ಲರಿಗೂ ಕಾಣುತ್ತಿತ್ತು.

"ಮಾವ, ನಿಮ್ಮ ಕೈಗೆ ಏನೂ ಆಗಿಲ್ಲ," ಎಂದ ಗೊತ್ತಪ್ಪ. "ನನಗೆ ಗೊತ್ತಿಲ್ಲ. ರೀಲಿನ ವಿಷಯ ನನಗೆ ಒಂದು ಚೂರೂ ಗೊತ್ತಿಲ್ಲ. ಗೊತ್ತು ಅಂದ್ಬಿಟ್ಟೆ. ಅಂಗಡಿಯವರು ಸುತ್ತೋರ ಕೈ ಎಂಥದ್ದು ಅಂತ ಕೇಳಿದ್ರು. ಅದಕ್ಕೇ ನೋಡ್ತಿದ್ದೆ. ನೀವು ಕೆರೆಗೆ ಬನ್ನಿ ಅಂದಿದ್ರಲ್ಲ, ಅದು ತಪ್ಪಿಹೋಗುತ್ತೇನೋ ಅಂತ..." ಮುಂದೆ ಹೇಳಲಾಗದೆ ಚೀಲದಿಂದ ಎರಡೂ ಡಬ್ಬಿಗಳನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟ. ಜೊತೆಗೆ ಒಂದು ಕಿತ್ತಳೆ ಹಣ್ಣು ಉರುಳಿ ಬಿತ್ತು.

ಅತ್ತೆ ಅಲ್ಲೇ ಇದ್ದ ತೂಕದ ಯಂತ್ರದ ಮೇಲೆ ಕೂತುಬಿಟ್ಟರು. ಮಾವನ ಅಕ್ಕ, "ನಾನು ಆಗಲೇ ಅಂದ್ಕೊಂಡೆ, ನಮ್ಮ ತವರಲ್ಲಿ ಹಾಗೆಲ್ಲ ಇಲ್ಲ" ಎಂದರು. ಮಾವ ಡಬ್ಬಿ ತೆರೆದು ಒಂದು ರೀಲನ್ನು ಕೈಗೆತ್ತಿಕೊಂಡರು.

ಡಾಕ್ಟರು ಮೇಜಿನ ಮೇಲೆ ಬಗ್ಗಿದರು. "ಎರಡಕ್ಕೂ ಏನು ವ್ಯತ್ಯಾಸ?"

ಕಲಿತ ವಿದ್ಯೆಯನ್ನು ಗೊತ್ತಪ್ಪ ಒಪ್ಪಿಸಿದ. ಐದು, ಎಂಟು, ಉರುಳೆಯ ದಪ್ಪ, ಅವಸರದ ಕೈ. ಡಾಕ್ಟರ ಕಣ್ಣು ಅರಳಿತು. ಎದ್ದು, ದಾರದ ತುದಿ ಹಿಡಿದುಕೊಂಡು ಬಾಗಿಲು ದಾಟಿ, ರೋಗಿಗಳು ಕೂತಿದ್ದ ಉದ್ದದ ಪಡಸಾಲೆಯ ಆ ತುದಿಗೆ ಹೋದರು. ದಾರಕ್ಕೆ ತಮ್ಮ ಒಂದು ಶೂ ಕಟ್ಟಿದರು. "ಹ್ಞಾ, ಈಗ ಸುತ್ತಿ," ಎಂದು ಅಲ್ಲಿಂದ ಕೂಗಿದರು.

ಮಾವ ಎಂಟರ ರೀಲು ಸುತ್ತಿದರು. ಶೂ ರೋಗಿಗಳ ಕಾಲ ಸಂದಿಯಲ್ಲಿ ಇಲಿಯಂತೆ ಓಡಿ ಬಂತು. ಕೆಮ್ಮುತ್ತಿದ್ದವರೊಬ್ಬರು ಕೆಮ್ಮು ಮರೆತು ಕಾಲು ಎತ್ತಿಕೊಂಡರು. ಐದರದ್ದು ಸುತ್ತಿದರು. ಶೂ ಗಾಂಭೀರ್ಯದಿಂದ ನಡೆದು ಬಂತು. ಕಂಪೌಂಡರು ಅದರ ಮೇಲೆ ಕಾಲಿಟ್ಟು ನೋಡಿದರು. ಮಾವನ ಕೈ ಆದರೂ ನಿಲ್ಲಲಿಲ್ಲ, ಕಂಪೌಂಡರೇ ಒಂದು ಹೆಜ್ಜೆ ಮುಂದೆ ಬಂದರು.

"ಘಾಟಿ ಹತ್ತೋವಾಗ ಟಾಪ್ ಗೇರ್ ಹಾಕ್ತಾರೇನ್ರೀ," ಎಂದರು ಮಾವ, ಯಾರಿಗೆಂದಲ್ಲ. ಅವರ ಮುಖದಲ್ಲಿ ಬೆಳಕು ಬಂದಿತ್ತು. "ಇದೇ ಇರ್ಲಿ. ದೊಡ್ಡದು, ನಿಧಾನದ್ದು."

"ಕೈ ಚೆನ್ನಾಗಿದೆ. ಅವಸರ ಒಂದು ಜಾಸ್ತಿ," ಎಂದು ಡಾಕ್ಟರು ಶೂ ಹಾಕಿಕೊಳ್ಳುತ್ತ ಹೇಳಿದರು. ಮುಂದಿನ ರೋಗಿ ಒಳಗೆ ಬಂದು, ತನಗೂ ಒಮ್ಮೆ ಸುತ್ತಲು ಕೊಡುತ್ತಾರೆಯೇ ಎಂದು ಕೇಳಿದ.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಒಂದು ಸಲ ಅನುಮಾನ ಹೊಕ್ಕ ಅತ್ತೆಯ ಮನಸ್ಸಿನಿಂದ ಅದನ್ನು ಬಿಡಿಸುವುದು ಡಾಕ್ಟರಿಂದ ಆಗುವ ಕೆಲಸವಲ್ಲ. "ನಾಳೆ ಕೆರೆಗೆ ನಾನೂ ಬರ್ತೀನಿ. ಕಣ್ಣಾರೆ ನೋಡಿದ ಮೇಲೇ ನನಗೆ ಸಮಾಧಾನ," ಎಂದರು. ತಾನೂ ಬರುತ್ತೇನೆ ಎಂದರು ಅಕ್ಕ. ಪೆಟ್ಟಿಗೆ ತರುತ್ತೇನೆ ಎಂದರು ಕಂಪೌಂಡರು. ಗೊತ್ತಪ್ಪನ ಮುಖ ಸಪ್ಪಗಾಯಿತು. ಅವನು ಕನಸಿನಲ್ಲಿ ಕಂಡ ಕೆರೆಯ ದಂಡೆಯಲ್ಲಿ ಇಬ್ಬರೇ ಇದ್ದರು.

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಿಂದ ನಾವು ಇಳಿದಾಗ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಆಚೆ ದಂಡೆಗೆ ಹೋದವು. ಮಾವ ನೀರಿನಂಚಿಗೆ ಹೋಗಿ ಬೊಂಬೆಯನ್ನು ಎಸೆದರು. ಅದು ದೂರದಲ್ಲಿ ಗುಳುಂ ಎಂದು ಬಿತ್ತು. ಸುತ್ತತೊಡಗಿದರು. ಗೊತ್ತಪ್ಪ ಅವರ ಪಕ್ಕದಲ್ಲಿ, ಹೊಸ ಬೂಟು ಹಾಕಿಕೊಂಡು, ನೀರನ್ನು ಅರ್ಥ ಮಾಡಿಕೊಂಡವನಂತೆ ನಿಂತಿದ್ದ.

ಬೊಂಬೆ ದಂಡೆಯ ಹತ್ತಿರ ಬಂದಾಗ ಅದರ ಹಿಂದೆ ನೀರಿನಡಿ ಒಂದು ಕಪ್ಪು ನೆರಳು ಕಾಣಿಸಿತು. ತೊಲೆಯಷ್ಟು ದಪ್ಪ. ಬೊಂಬೆಯ ಬಾಲವನ್ನು ಮೂಸುತ್ತ ಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಬೇಡ ಎಂದು ತಿರುಗಿ ಹೋಯಿತು. ಅಕ್ಕ ಕೂಡ ತವರನ್ನು ಮರೆತರು.

ಮಾವ ಮತ್ತೆ ಎಸೆದರು. ಮತ್ತೆ ಬಂತು, ಮತ್ತೆ ಹೋಯಿತು. ಅವರ ಕೈಗೆ ಅವಸರ ಹೆಚ್ಚುತ್ತಾ ಹೋಯಿತು. ನಿಧಾನದ ರೀಲನ್ನೂ ಅವರು ಓಡಿಸುತ್ತಿದ್ದರು.

"ಯಾಕೆ ಹಾಗೆ ಗಡಿಬಿಡಿ ಮಾಡ್ತೀರಿ?" ಎಂದರು ಅತ್ತೆ ಹಿಂದಿನಿಂದ. "ಬಸ್ಸಿಗೆ ಟೈಮಾಯ್ತಾ?"

ಮಾವನಿಗೆ ರೇಗಿತು. ಹಿಂದೆಂದೂ ಯಾರ ಕೈಗೂ ಕೊಡದ ಕೋಲನ್ನು ಅತ್ತೆಯ ಕೈಗೆ ಕೊಟ್ಟು, "ಹಾಗಾದ್ರೆ ನೀನೇ ಸುತ್ತು, ನೋಡೋಣ" ಎಂದರು. ತಾವೇ ಎಸೆದುಕೊಟ್ಟರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿಡಿಯನ್ನು ಒಂದು ಸುತ್ತು ತಿರುಗಿಸಿದರು. ಆದರೆ ವಾರದ ಸಿಟ್ಟು ಒಳಗೇ ಇತ್ತಲ್ಲ. "ಎಷ್ಟು ವರ್ಷ ಆಯ್ತು, ಒಂದು ದಿನ ಬಾ ಅಂತ ಕರೆದಿದ್ರಾ?" ಎಂದು ನಿಲ್ಲಿಸಿದರು. ಇನ್ನೊಂದು ಸುತ್ತು. "ಇಲ್ಲಿ ಇಷ್ಟು ತಂಪಾಗಿದೆ, ನಾನು ಅಲ್ಲಿ ಒಲೆ ಮುಂದೆ ಬೇಯ್ತಿದ್ದೆ." ನಿಲುಗಡೆ. ಇನ್ನೊಂದು ಸುತ್ತು. "ಕೈಗೆ ಏನೋ ಆಯ್ತು ಅಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಿಮಗೇನು ಗೊತ್ತು ಅದು?" ಇಲ್ಲಿ ಸುತ್ತುವುದನ್ನು ಪೂರ್ತಿ ನಿಲ್ಲಿಸಿ ಕಣ್ಣೊರೆಸಿಕೊಳ್ಳಲು ಹೋದರು.

ಬೊಂಬೆ ನೀರಿನಲ್ಲಿ ಸುಸ್ತಾದ ಮೀನಿನಂತೆ ಮೆಲ್ಲಗೆ ಓಲಾಡುತ್ತ ನಿಂತಿತು. ಕೋಲು ಬಿಲ್ಲಾಗಿ ಬಾಗಿತು.

"ಏನಿದು, ಯಾರೋ ಎಳೀತಿದಾರೆ," ಎಂದರು ಅತ್ತೆ.

"ಬಿಡಬೇಡ. ಹಾಗೇ ಸುತ್ತು. ಹಾಗೇ ಬೈತಾ ಸುತ್ತು," ಎಂದರು ಮಾವ. ಅವರ ಧ್ವನಿ ನಡುಗುತ್ತಿತ್ತು, ಕೈಯಲ್ಲ.

ಕಂಪೌಂಡರು ಪೆಟ್ಟಿಗೆ ಕೆಳಗಿಟ್ಟರು. ಅತ್ತೆ ಸುತ್ತಿದರು. ಮೀನು ಎಳೆದಷ್ಟೂ ರೀಲು ಜಗ್ಗದೆ, ಗೊಣಗದೆ, ಹಲ್ಲು ಹಲ್ಲಾಗಿ ದಾರವನ್ನು ಒಳಗೆ ತಂದುಕೊಂಡಿತು. ದಿನವೂ ಅಡುಗೆ ಕೆಲಸಕ್ಕೇ ನೋಯುತ್ತಿದ್ದ ಅತ್ತೆಯ ಮಣಿಕಟ್ಟು ಕೂಡ ಸೋಲಲಿಲ್ಲ. ಮಾವ ಮೊಣಕಾಲುದ್ದ ನೀರಿಗಿಳಿದು ಮೀನನ್ನು ಎರಡೂ ಕೈಯಲ್ಲಿ ಎತ್ತಿದರು. ಅತ್ತೆ ಹತ್ತಿರ ಬಂದು, ಅದರ ಕಣ್ಣು, ಕಿವಿರು, ಬೆನ್ನಿನ ಬಣ್ಣ ನೋಡಿದರು. "ಪಾಪ, ವಯಸ್ಸಾಗಿದೆ. ಬಿಟ್ಬಿಡಿ," ಎಂದರು. ಮಾವ ಬಿಟ್ಟರು. ಇಬ್ಬರೂ ನೀರನ್ನು ನೋಡುತ್ತ ನಿಂತರು.

"ರೀಲು ಸರಿಯಾಗಿ ಆರಿಸಿದ್ರಿ ಅಳಿಯಂದಿರೇ," ಎಂದರು ಮಾವ, ತಿರುಗದೆಯೇ. ಗೊತ್ತಪ್ಪ 'ಗೊತ್ತು' ಎನ್ನಲಿಲ್ಲ. ಅವನ ಕಣ್ಣು ತುಂಬಿತ್ತು. ನನಗೆ ಈ ಸಲ ಹೊಟ್ಟೆ ಉರಿಯಲಿಲ್ಲ.

ಮುಂದಿನ ಭಾನುವಾರ ಗೊತ್ತಪ್ಪ ಬೆಳಿಗ್ಗೆ ಮಾವನ ಮನೆಯ ಗೇಟಿಗೆ ಹೋದ, ಬೂಟು ಹಾಕಿಕೊಂಡು, ನನ್ನನ್ನೂ ಎಬ್ಬಿಸಿಕೊಂಡು. ಸ್ಕೂಟರು ಹೊರಗೆ ನಿಂತಿತ್ತು. ಮಾವ ಕೋಲು ಕಟ್ಟುತ್ತಿದ್ದರು. ಹಿಂದಿನ ಸೀಟಿನ ಮೇಲೆ ಅತ್ತೆ ಆಗಲೇ ಕೂತಾಗಿತ್ತು, ತೊಡೆಯ ಮೇಲೆ ಫ್ಲಾಸ್ಕು.

ಗೊತ್ತಪ್ಪ ಆ ಸೀಟನ್ನು ನೋಡಿದ. ಅದರಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. "ನಾನು ಬಸ್ಸಲ್ಲಿ ಬರ್ಲಾ ಮಾವ?" ಎಂದ.

"ಬೇಡಪ್ಪ," ಎಂದರು ಅತ್ತೆ. "ಜನ ಜಾಸ್ತಿ ಆದ್ರೆ ಮೀನು ಹತ್ರ ಬರಲ್ಲ."

ಮಾವ ಕಿಕ್ ಹೊಡೆದರು. ಹೊರಟವರು ಮತ್ತೆ ನಿಲ್ಲಿಸಿ, ಗೊತ್ತಪ್ಪನ ಕಡೆ ತಿರುಗಿದರು. "ಸಂಜೆ ಕಾಫಿಗೆ ಬನ್ನಿ. ಏನೇನಾಯ್ತು, ಎಲ್ಲ ಹೇಳ್ತೀನಿ."

"ನೀವೇನು ಹೇಳೋದು," ಎಂದರು ಹಿಂದಿನಿಂದ ಅತ್ತೆ. "ಹಿಡಿಯೋಳು ನಾನು. ನಾನು ಹೇಳ್ತೀನಿ. ಸಂಜೆ ಬೇಗ ಬನ್ನಿ."